ಅಡ್ಡಕ್ಕೆ ಎಸೆದ ಕಲ್ಲು: ಮೊದಲು ‘ಎಷ್ಟು ಹೊತ್ತು’, ಆಮೇಲೆ ‘ಎಷ್ಟು ದೂರ’

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪ್ರೊಜೆಕ್ಟೈಲ್ ಮೋಶನ್‌ನಲ್ಲಿ ಅಡ್ಡಕ್ಕೆ ಎಸೆದ ವಸ್ತುವಿನ ಲೆಕ್ಕ ಬಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ. ಈ ಲೆಕ್ಕ ನೋಡಿ: 19.6 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಕಲ್ಲನ್ನು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ನೆಲಕ್ಕೆ ಸಮಾಂತರವಾಗಿ ಎಸೆದರೆ, ಅದು ಕಟ್ಟಡದ ಬುಡದಿಂದ ಎಷ್ಟು ದೂರದಲ್ಲಿ ಬೀಳುತ್ತದೆ? ನಾನು ‘ಎಸ್ ಈಕ್ವಲ್ ಟು ಯುಟಿ ಪ್ಲಸ್ ಹಾಫ್ ಎಟಿ ಸ್ಕ್ವೇರ್’ ಹಾಕಿ, ಯು (ಆರಂಭದ ವೇಗ) ಜಾಗದಲ್ಲಿ 12 ಇಟ್ಟೆ. ಕಾಲ 1.12 ಸೆಕೆಂಡ್, ದೂರ 13.4 ಮೀಟರ್ ಬಂತು. ಪುಸ್ತಕದ ಉತ್ತರ 24 ಮೀಟರ್. ಇನ್ನೊಂದು ಅನುಮಾನ: ಕಲ್ಲನ್ನು ಜೋರಾಗಿ ಎಸೆದರೆ ಅದು ಹೆಚ್ಚು ಹೊತ್ತು ಗಾಳಿಯಲ್ಲಿ ಇರುವುದಿಲ್ಲವೇ?

ಉತ್ತರ: ನೀವು ಸೂತ್ರವನ್ನು ಸರಿಯಾಗಿಯೇ ನೆನಪಿಟ್ಟಿದ್ದೀರಿ, ವರ್ಗಸಮೀಕರಣವನ್ನೂ ಸರಿಯಾಗಿಯೇ ಬಿಡಿಸಿದ್ದೀರಿ. ನಾನು ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ; 1.12 ಸೆಕೆಂಡ್ ಎಂಬುದು ಗಣಿತದ ತಪ್ಪಲ್ಲ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ. ಅದೇ ಕಟ್ಟಡದ ಮೇಲಿಂದ ಕಲ್ಲನ್ನು 12 ಮೀಟರ್ ವೇಗದಲ್ಲಿ ನೇರ ಕೆಳಕ್ಕೆ ಎಸೆದಿದ್ದರೆ ಅದು ನೆಲ ಮುಟ್ಟಲು ತೆಗೆದುಕೊಳ್ಳುತ್ತಿದ್ದ ಕಾಲ ಅದು. ನೀವು 19.6 ಎಂದು ಬರೆದದ್ದು ಮೇಲಿಂದ ಕೆಳಕ್ಕಿರುವ ದೂರ, 9.8 ಎಂದು ಬರೆದದ್ದು ಕೆಳಕ್ಕೆ ಎಳೆಯುವ ಗುರುತ್ವ, ಆದರೆ 12 ಮಾತ್ರ ಅಡ್ಡಕ್ಕೆ ಹೋಗುವ ವೇಗ. ಒಂದೇ ಸಮೀಕರಣದಲ್ಲಿ ಎರಡು ದಿಕ್ಕುಗಳು ಬೆರೆತುಹೋದವು. ಈ ಬಗೆಯ ಲೆಕ್ಕಗಳಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹುಪಾಲು ಇದೊಂದರಿಂದಲೇ ಹುಟ್ಟುವಂಥವು. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕಲ್ಲು ಕೈಬಿಟ್ಟ ಮೇಲೆ ಅದನ್ನು ಯಾರು ಎಳೆಯುತ್ತಾರೆ, ಯಾರು ತಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಗಾಳಿಯನ್ನು ಸದ್ಯಕ್ಕೆ ಬದಿಗಿಟ್ಟರೆ, ಉಳಿದದ್ದು ಭೂಮಿಯ ಸೆಳೆತ ಒಂದೇ. ಆ ಸೆಳೆತ ನೇರ ಕೆಳಕ್ಕೆ. ಅಡ್ಡ ದಿಕ್ಕಿನಲ್ಲಿ ಕಲ್ಲನ್ನು ಮುಂದಕ್ಕೆ ನೂಕುವ ಬಲವೂ ಇಲ್ಲ, ಹಿಂದಕ್ಕೆ ಎಳೆಯುವ ಬಲವೂ ಇಲ್ಲ. ಬಲವಿಲ್ಲದಿದ್ದರೆ ವೇಗ ಬದಲಾಗದು. ಆದ್ದರಿಂದ ಕೈಬಿಟ್ಟ ಗಳಿಗೆಯಲ್ಲಿ ಅಡ್ಡಕ್ಕೆ 12 ಮೀಟರ್ ವೇಗವಿದ್ದರೆ ನೆಲ ಮುಟ್ಟುವವರೆಗೂ ಅಡ್ಡಕ್ಕೆ 12 ಮೀಟರೇ. ಕೆಳಮುಖದ ಕಥೆ ಬೇರೆ. ಕಲ್ಲನ್ನು ನೆಲಕ್ಕೆ ಸಮಾಂತರವಾಗಿ ಎಸೆದಿರುವುದರಿಂದ ಆರಂಭದಲ್ಲಿ ಅದಕ್ಕೆ ಕೆಳಮುಖದ ವೇಗವೇ ಇಲ್ಲ, ಅಂದರೆ ಸೊನ್ನೆ. ಅಲ್ಲಿಂದ ಪ್ರತಿ ಸೆಕೆಂಡಿಗೂ 9.8 ಮೀಟರಿನಷ್ಟು ವೇಗ ಕೂಡುತ್ತಾ ಹೋಗುತ್ತದೆ. ಸುಮ್ಮನೆ ಕೈಬಿಟ್ಟ ಕಲ್ಲಿಗೂ ಕೆಳಮುಖವಾಗಿ ನಡೆಯುವುದು ಇದೇ.

ಹಾಗಾಗಿ ಲೆಕ್ಕ ಓದಿದ ಕೂಡಲೇ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ‘ಅಡ್ಡ’, ಬಲಗಡೆ ‘ಲಂಬ’ ಎಂದು ಬರೆಯಿರಿ. ಲೆಕ್ಕದಲ್ಲಿ ಕೊಟ್ಟ ಪ್ರತಿ ಸಂಖ್ಯೆಯನ್ನೂ ಎತ್ತಿ ಅದರ ಮನೆಯಲ್ಲಿ ಕೂರಿಸಿ. ನಿಮ್ಮ ಲೆಕ್ಕದಲ್ಲಿ ಎಡಗಡೆ: ವೇಗ 12, ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣ) ಸೊನ್ನೆ, ದೂರ ಗೊತ್ತಿಲ್ಲ. ಬಲಗಡೆ: ಆರಂಭದ ವೇಗ ಸೊನ್ನೆ, ವೇಗೋತ್ಕರ್ಷ 9.8, ಬೀಳಬೇಕಾದ ಎತ್ತರ 19.6. ಲಂಬದ ಮನೆಯಲ್ಲಿ ಆರಂಭದ ವೇಗ ಸೊನ್ನೆ ಎಂದು ಕೈಯಾರೆ ಬರೆಯಲೇಬೇಕು. ಲೆಕ್ಕ ಕೊಟ್ಟವರು ಅದನ್ನು ಸಂಖ್ಯೆಯಾಗಿ ಕೊಟ್ಟಿರುವುದಿಲ್ಲ; ‘ನೆಲಕ್ಕೆ ಸಮಾಂತರವಾಗಿ’ ಎಂಬ ಎರಡು ಪದಗಳಲ್ಲಿ ಅಡಗಿಸಿಟ್ಟಿರುತ್ತಾರೆ. ನೀವು ಯು ಜಾಗದಲ್ಲಿ 12 ಇಟ್ಟದ್ದು ಆ ಸೊನ್ನೆ ಕಣ್ಣಿಗೆ ಕಾಣದೆ ಹೋದದ್ದರಿಂದ.

ಈಗ ಎರಡೂ ಮನೆಗೆ ಸೇರುವ ಒಂದೇ ಒಂದು ಸಂಗತಿ ಉಳಿಯಿತು, ಅದು ಕಾಲ. ಕಲ್ಲು ಅಡ್ಡಕ್ಕೆ ಸಾಗುತ್ತಿರುವ ಹೊತ್ತೂ ಕೆಳಕ್ಕೆ ಬೀಳುತ್ತಿರುವ ಹೊತ್ತೂ ಒಂದೇ. ಬಲಮನೆಯಿಂದ ಎಡಮನೆಗೆ ದಾಟಲು ಕಾಲವನ್ನು ಬಿಟ್ಟು ಬೇರೆ ಬಾಗಿಲಿಲ್ಲ. ಆದ್ದರಿಂದ ಎಲ್ಲಿಂದ ಶುರು ಮಾಡಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ದೂರ ಕೇಳಿರಲಿ, ವೇಗ ಕೇಳಿರಲಿ, ಎತ್ತರ ಕೇಳಿರಲಿ, ಮೊದಲು ಕಾಲವನ್ನು ಹುಡುಕಿ. ಯಾವ ಮನೆಯಲ್ಲಿ ಕಾಲವನ್ನು ಕಂಡುಹಿಡಿಯುವಷ್ಟು ಮಾಹಿತಿ ಇದೆಯೋ ಆ ಮನೆಯಿಂದ ಶುರು ಮಾಡಿ, ಇನ್ನೊಂದಕ್ಕೆ ದಾಟಿ.

ನಿಮ್ಮ ಲೆಕ್ಕದಲ್ಲಿ ಬಲಮನೆ ತುಂಬಿದೆ. ಆರಂಭದ ವೇಗ ಸೊನ್ನೆಯಾದ್ದರಿಂದ ಯುಟಿ ಎಂಬ ಭಾಗ ಅಳಿಸಿಹೋಗುತ್ತದೆ; 9.8ರ ಅರ್ಧ 4.9 ಆದ್ದರಿಂದ ಸೂತ್ರ ಹೀಗೆ ನಿಲ್ಲುತ್ತದೆ:

ಬಿದ್ದ ಎತ್ತರ = 4.9 × ಕಾಲ × ಕಾಲ

19.6 ಅನ್ನು 4.9ರಿಂದ ಭಾಗಿಸಿದರೆ 4. ಅದರ ವರ್ಗಮೂಲ 2. ಕಲ್ಲು ಗಾಳಿಯಲ್ಲಿರುವುದು 2 ಸೆಕೆಂಡ್. ಎಡಮನೆಗೆ ಬನ್ನಿ: 12 × 2 = 24 ಮೀಟರ್. ವರ್ಗಸಮೀಕರಣದ ಗೋಜೇ ಇಲ್ಲ. ಅಡ್ಡಕ್ಕೆ ಎಸೆದ ವಸ್ತುವಿನ ಕಾಲ ಹುಡುಕುವಾಗ ಮೂರು ಪದಗಳ ವರ್ಗಸಮೀಕರಣ ಎದುರಾದರೆ, ಎಲ್ಲೋ ಮನೆ ತಪ್ಪಿದೆ ಎಂದು ತಿಳಿಯಿರಿ.

ನೆಲಕ್ಕೆ ಬಡಿಯುವಾಗಿನ ವೇಗವನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ. ಅಡ್ಡ ವೇಗ ಆಗಲೂ 12. ಕೆಳಮುಖದ ವೇಗ 9.8 × 2, ಅಂದರೆ 19.6. ಇವೆರಡನ್ನು ಕೂಡಿಸಿ 31.6 ಎಂದು ಬರೆಯುವವರಿದ್ದಾರೆ. ಎರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಪೈಥಾಗೊರಸ್ ಪ್ರಮೇಯ ಬೇಕು: 144 ಮತ್ತು 384.16 ಕೂಡಿದರೆ 528.16, ಅದರ ವರ್ಗಮೂಲ ಸುಮಾರು 22.98. ಕಲ್ಲು ನೆಲದೊಂದಿಗೆ ಮಾಡುವ ಕೋನದ ಟ್ಯಾನ್ ಬೆಲೆ 19.6 ಭಾಗಿಸು 12. ಕೋನ ಸುಮಾರು 58.5 ಡಿಗ್ರಿ.

ಈಗ ನಿಮ್ಮ ಹಳೆಯ ಲೆಕ್ಕದ ಹಾಳೆಯನ್ನು ಮತ್ತೊಮ್ಮೆ ನೋಡಿ. ವರ್ಗಸಮೀಕರಣ ಬಿಡಿಸುವಾಗ ವರ್ಗಮೂಲದ ಚಿಹ್ನೆಯ ಒಳಗೆ ನಿಮಗೂ 528.16 ಬಂದಿರಬೇಕು. ಇದು ಕಾಕತಾಳೀಯವಲ್ಲ. ನೀವು ಬಿಡಿಸಿದ್ದು ನೇರ ಕೆಳಕ್ಕೆ ಎಸೆದ ಕಲ್ಲಿನ ಲೆಕ್ಕ ಎಂದೆನಲ್ಲ. ಆ ಕಲ್ಲು ನೆಲಕ್ಕೆ ಬಡಿಯುವ ವೇಗವೂ 22.98. ಒಂದೇ ಎತ್ತರದಿಂದ, ಒಂದೇ ವೇಗದಲ್ಲಿ, ಯಾವ ದಿಕ್ಕಿಗೆ ಎಸೆದರೂ ನೆಲ ಮುಟ್ಟುವಾಗಿನ ವೇಗದ ಪ್ರಮಾಣ ಒಂದೇ ಆಗಿರುತ್ತದೆ, ಏಕೆಂದರೆ ಗುರುತ್ವ ಕೊಡುವ ಶಕ್ತಿ ಇಳಿದ ಎತ್ತರವನ್ನು ಮಾತ್ರ ಅವಲಂಬಿಸಿದೆ. ಬದಲಾಗುವುದು ದಿಕ್ಕು ಮತ್ತು ಕಾಲ. ಮುಂದೆ ಶಕ್ತಿ ಸಂರಕ್ಷಣೆಯ ಅಧ್ಯಾಯ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಬಡಿಯುವ ವೇಗವನ್ನಷ್ಟೇ ಕೇಳಿದ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು.

ನಿಮ್ಮ ಎರಡನೇ ಅನುಮಾನ ನನಗೆ ಹೆಚ್ಚು ಇಷ್ಟವಾಯಿತು. ಜೋರಾಗಿ ಎಸೆದರೆ ಕಲ್ಲು ಹೆಚ್ಚು ಹೊತ್ತು ಗಾಳಿಯಲ್ಲಿ ಇರುವುದಿಲ್ಲವೇ? ಅಡ್ಡಕ್ಕೇ ಎಸೆದಿದ್ದರೆ, ಇಲ್ಲ. ಕಾಲವನ್ನು ಕೊಟ್ಟ ಸೂತ್ರವನ್ನು ನೋಡಿ. ಅದರಲ್ಲಿ 12 ಎಲ್ಲಿಯೂ ಕಾಣಿಸಿಕೊಳ್ಳಲೇ ಇಲ್ಲ. ಸೆಕೆಂಡಿಗೆ 12 ಮೀಟರ್ ಇರಲಿ, 1200 ಮೀಟರ್ ಇರಲಿ, 19.6 ಮೀಟರ್ ಇಳಿಯಲು 2 ಸೆಕೆಂಡೇ ಬೇಕು. ಕಲ್ಲಿನ ತೂಕವೂ ಅಲ್ಲಿಲ್ಲ. ಆದರೂ ನಮ್ಮ ಅನುಭವ ಬೇರೆಯೇ ಹೇಳುತ್ತದೆ, ಅದಕ್ಕೆ ಕಾರಣವಿದೆ. ದೂರ ಹೋಗಲೆಂದು ನಾವು ಏನನ್ನಾದರೂ ಜೋರಾಗಿ ಎಸೆಯುವಾಗ ನಮಗೆ ಗೊತ್ತಿಲ್ಲದೆಯೇ ಕೈ ಸ್ವಲ್ಪ ಮೇಲ್ಮುಖವಾಗಿರುತ್ತದೆ. ಆಗ ಲಂಬದ ಮನೆಯ ಆರಂಭದ ವೇಗ ಸೊನ್ನೆಯಾಗಿ ಉಳಿಯುವುದಿಲ್ಲ, ಕಾಲವೂ ಹೆಚ್ಚುತ್ತದೆ. ಹೆಚ್ಚಿನ ಕಾಲಕ್ಕೆ ಕಾರಣ ಜೋರಲ್ಲ, ಆ ಮೇಲ್ಮುಖದ ಓರೆ.

ಕ್ರಿಕೆಟ್‌ನಲ್ಲಿ ಇದನ್ನು ಲೆಕ್ಕ ಹಾಕಿ ನೋಡಬಹುದು. ಎತ್ತರದ ವೇಗದ ಬೌಲರ್ ಒಬ್ಬ ನೆಲದಿಂದ 2.2 ಮೀಟರ್ ಎತ್ತರದಲ್ಲಿ ಚೆಂಡನ್ನು ಕೈಬಿಡುತ್ತಾನೆ ಎಂದುಕೊಳ್ಳಿ, ವೇಗ ಗಂಟೆಗೆ 140 ಕಿಲೋಮೀಟರ್. ಚೆಂಡು ಕೈಬಿಟ್ಟಾಗ ನೆಲಕ್ಕೆ ಪೂರ್ತಿ ಸಮಾಂತರವಾಗಿದ್ದರೆ ಏನಾಗುತ್ತದೆ? ಗಂಟೆಗೆ 140 ಕಿಲೋಮೀಟರ್ ಅಂದರೆ ಸೆಕೆಂಡಿಗೆ 38.9 ಮೀಟರ್. 2.2 ಮೀಟರ್ ಇಳಿಯಲು ಬೇಕಾದ ಕಾಲ 0.67 ಸೆಕೆಂಡ್. ಅಷ್ಟರಲ್ಲಿ ಚೆಂಡು 26 ಮೀಟರ್ ಹೋಗಿರುತ್ತದೆ. ಎರಡು ತುದಿಯ ವಿಕೆಟ್‌ಗಳ ನಡುವಿನ ಪಿಚ್ಚೇ 20.12 ಮೀಟರ್, ಅಂದರೆ ಚೆಂಡು ಪಿಚ್‌ಗೆ ಬೀಳುವುದೇ ಇಲ್ಲ. ಎರಡೂ ಕಡೆಯ ಬ್ಯಾಟಿಂಗ್ ಕ್ರೀಸ್‌ಗಳ ನಡುವೆ 17.68 ಮೀಟರ್ ಅಂತರವಿದೆ. ಅಷ್ಟು ದೂರ ಹೋಗಲು 0.45 ಸೆಕೆಂಡ್ ಸಾಕು, ಅಷ್ಟರಲ್ಲಿ ಚೆಂಡು ಇಳಿದಿರುವುದು ಸುಮಾರು 1 ಮೀಟರ್. ಬ್ಯಾಟ್ಸ್‌ಮನ್ ಮುಂದೆ ಅದು ಇನ್ನೂ 1.2 ಮೀಟರ್ ಎತ್ತರದಲ್ಲಿದೆ. ಸೊಂಟದ ಮೇಲಿನ ಫುಲ್‌ಟಾಸ್, ಅಂಪೈರ್ ನೋಬಾಲ್ ಕೊಡುತ್ತಾರೆ. ಆದ್ದರಿಂದಲೇ ವೇಗದ ಬೌಲರ್ ಪಿಚ್‌ಗೆ ಹಾಕಬೇಕಾದರೆ ಚೆಂಡನ್ನು ಕೆಳಮುಖವಾಗಿಯೇ ಬಿಡಬೇಕು. ಅದೇ ಎತ್ತರದಿಂದ ಸ್ಪಿನ್ನರ್ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಬಿಟ್ಟರೆ, ಆ 0.67 ಸೆಕೆಂಡಿನಲ್ಲಿ ಅವನ ಚೆಂಡು ಹೋಗುವುದು ಸುಮಾರು 15 ಮೀಟರ್. ಬ್ಯಾಟ್ಸ್‌ಮನ್‌ನ ಕ್ರೀಸ್‌ಗಿಂತ ಎರಡೂಮುಕ್ಕಾಲು ಮೀಟರ್ ಮೊದಲೇ ನೆಲ ಮುಟ್ಟುತ್ತದೆ. ಇಬ್ಬರ ಚೆಂಡಿಗೂ ನೆಲ ಮುಟ್ಟಲು ಬೇಕಾದ ಕಾಲ ಒಂದೇ, ದೂರ ಮಾತ್ರ ಬೇರೆ. (ಗಾಳಿಯ ತಡೆಯನ್ನೂ ಚೆಂಡಿನ ತಿರುಗುವಿಕೆಯನ್ನೂ ಇಲ್ಲಿ ಬಿಟ್ಟಿದ್ದೇನೆ. ಅವು ಸೇರಿದರೆ ಸಂಖ್ಯೆಗಳು ಸ್ವಲ್ಪ ಸರಿಯುತ್ತವೆ.)

ಈ ಎರಡು ಚಲನೆಗಳನ್ನು ಬೇರ್ಪಡಿಸಿ ನೋಡುವುದು ಮನುಷ್ಯರಿಗೆ ಸುಲಭವಾಗಿ ದಕ್ಕಿದ ವಿದ್ಯೆಯಲ್ಲ. 16ನೇ ಶತಮಾನದ ಯುರೋಪಿನ ಫಿರಂಗಿ ಚಿತ್ರಗಳಲ್ಲಿ ಗುಂಡು ಮೊದಲು ನೇರ ಗೆರೆಯಲ್ಲಿ ಹೋಗಿ, ಆಮೇಲೆ ಬಾಗಿ, ಕೊನೆಗೆ ನೆಟ್ಟಗೆ ಕೆಳಕ್ಕೆ ಬೀಳುವಂತೆ ಬರೆದಿದ್ದಾರೆ. ಗುಂಡಿನ ‘ಜೋರು’ ಮುಗಿದ ಮೇಲೆ ಗುರುತ್ವ ಶುರುವಾಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಇಂದಿಗೂ ತರಗತಿಯಲ್ಲಿ ಕಲ್ಲಿನ ದಾರಿ ಬರೆಯಿರಿ ಎಂದರೆ ಅನೇಕರು ಹಾಗೆಯೇ ಬರೆಯುತ್ತಾರೆ. ಗುರುತ್ವ ಕಾಯುವುದಿಲ್ಲ, ಕೈಬಿಟ್ಟ ಕ್ಷಣದಿಂದಲೇ ಎಳೆಯುತ್ತದೆ. ನಿಮ್ಮ ಕಲ್ಲು ಮೊದಲ 0.1 ಸೆಕೆಂಡಿನಲ್ಲಿ 1.2 ಮೀಟರ್ ಮುಂದೆ ಹೋಗಿ ಕೇವಲ 4.9 ಸೆಂಟಿಮೀಟರ್ ಇಳಿದಿರುತ್ತದೆ, ಅದಕ್ಕೇ ನೇರ ಹೋದಂತೆ ಕಾಣುತ್ತದೆ. ಮೇಜಿನ ಅಂಚಿನಿಂದ ಗುಂಡುಗಳನ್ನು ಅಡ್ಡಕ್ಕೆ ಹಾರಿಸಿ, ಅವು ಬಿದ್ದ ದೂರಗಳನ್ನು ಅಳೆದು, ಹಾದಿ ಪರವಲಯ (ಪ್ಯಾರಾಬೊಲಾ) ಎಂಬುದನ್ನು ಕಂಡವನು ಗೆಲಿಲಿಯೋ, 1608ರ ಸುಮಾರಿಗೆ. ಆ ವಿವರಣೆ ಅಚ್ಚಾಗಿ ಲೋಕದ ಕೈಸೇರಿದ್ದು 1638ರಲ್ಲಿ, ಹಾಲೆಂಡಿನ ಲೈಡನ್ ನಗರದಲ್ಲಿ. ಆಗ ಅವನು ಇಟಲಿಯಲ್ಲಿ ಗೃಹಬಂಧನದಲ್ಲಿದ್ದ.

ಲೆಕ್ಕಗಳಿಗೆ ಮರಳೋಣ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ. ಎತ್ತರ ಮತ್ತು ದೂರ ಕೊಟ್ಟು ವೇಗ ಕೇಳಿದರೆ: ಎತ್ತರದಿಂದ ಕಾಲ, ಆಮೇಲೆ ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ವೇಗ ಮತ್ತು ದೂರ ಕೊಟ್ಟು ಎತ್ತರ ಕೇಳಿದರೆ ಎಡಮನೆಯಿಂದ ಶುರು: ದೂರವನ್ನು ವೇಗದಿಂದ ಭಾಗಿಸಿದರೆ ಕಾಲ, ಅದನ್ನು ಬಲಮನೆಗೆ ಒಯ್ದರೆ ಎತ್ತರ. ಎಲ್ಲದರಲ್ಲೂ ಕಾಲದ ಬಾಗಿಲು ಒಂದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಯು ಸ್ಕ್ವೇರ್ ಸೈನ್ ಟು ಥೀಟಾ ಬೈ ಜಿ’ ಎಂಬ ರೇಂಜ್ ಸೂತ್ರವನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಅಡ್ಡಕ್ಕೆ ಎಸೆದಾಗ ಥೀಟಾ, ಅಂದರೆ ನೆಲಮಟ್ಟದಿಂದ ಎಸೆದ ಕೋನ, ಸೊನ್ನೆ; ಸೈನ್ ಸೊನ್ನೆಯೂ ಸೊನ್ನೆ. ಸೂತ್ರದ ಪ್ರಕಾರ ಕಲ್ಲು ಎಲ್ಲಿಗೂ ಹೋಗುವುದಿಲ್ಲ! ಸೂತ್ರ ಸುಳ್ಳಲ್ಲ. ಎಸೆದ ಮಟ್ಟಕ್ಕೇ ವಸ್ತು ಮರಳಿ ಬಂದಾಗ ಮಾತ್ರ ಅದು ಸಲ್ಲುತ್ತದೆ. ಕಟ್ಟಡದ ಮೇಲಿಂದ ಅಡ್ಡಕ್ಕೆ ಎಸೆದ ಕಲ್ಲು ಆ ಮಟ್ಟವನ್ನು ಬಿಟ್ಟದ್ದು ಬಿಟ್ಟದ್ದೇ. ಯಾವ ಸೂತ್ರವನ್ನೇ ಆಗಲಿ ಅದು ಹುಟ್ಟಿದ ಷರತ್ತಿನ ಜೊತೆಗೇ ಕಲಿಯಬೇಕೆಂದು ನಾನು ಮಕ್ಕಳಿಗೆ ಒತ್ತಿ ಹೇಳುವುದು ಇದಕ್ಕೇ. ಎರಡು ಮನೆಗಳ ಪದ್ಧತಿ ಗೊತ್ತಿದ್ದವರಿಗೆ ಈ ಅಧ್ಯಾಯದಲ್ಲಿ ಬಾಯಿಪಾಠಕ್ಕೆ ಏನೂ ಉಳಿಯುವುದಿಲ್ಲ.

ವಿಮಾನದಿಂದ ಪೊಟ್ಟಣ ಬೀಳಿಸುವ ಲೆಕ್ಕ ಪ್ರತಿ ವರ್ಷ ಎಲ್ಲಾದರೂ ಬರುತ್ತದೆ. ಪ್ರವಾಹದಲ್ಲಿ ಸಿಕ್ಕಿಕೊಂಡವರಿಗೆ ಆಹಾರದ ಪೊಟ್ಟಣ ಹಾಕಬೇಕು. ವಿಮಾನ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ, 122.5 ಮೀಟರ್ ಎತ್ತರದಲ್ಲಿ, ನೆಲಕ್ಕೆ ಸಮಾಂತರವಾಗಿ ಹಾರುತ್ತಿದೆ. ಜನರಿಗಿಂತ ಎಷ್ಟು ಮೊದಲೇ ಪೊಟ್ಟಣ ಬಿಡಬೇಕು? ಮೊದಲ ತೊಡಕು ಏಕಮಾನ: 180 ಅನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 50 ಮೀಟರ್. ಎರಡನೇ ತೊಡಕು ಪದ: ಪೊಟ್ಟಣವನ್ನು ‘ಬಿಟ್ಟರು’ ಎಂದಿರುತ್ತದೆ, ‘ಎಸೆದರು’ ಎಂದಿರುವುದಿಲ್ಲ. ಹಾಗೆಂದು ಅಡ್ಡ ವೇಗ ಸೊನ್ನೆ ಎಂದು ಬರೆಯಬೇಡಿ. ಬಿಡುವ ಗಳಿಗೆಯವರೆಗೂ ಪೊಟ್ಟಣ ವಿಮಾನದ ಜೊತೆಯಲ್ಲೇ ಸಾಗುತ್ತಿತ್ತು. ಕೈಬಿಟ್ಟ ಮಾತ್ರಕ್ಕೆ ಆ 50 ಮೀಟರ್ ವೇಗ ಅದನ್ನು ಬಿಟ್ಟುಹೋಗುವುದಿಲ್ಲ. ಇನ್ನು ಉಳಿದದ್ದು ನಿಮಗೆ ಗೊತ್ತು: 122.5 ಭಾಗಿಸು 4.9 ಅಂದರೆ 25, ಕಾಲ 5 ಸೆಕೆಂಡ್, ದೂರ 250 ಮೀಟರ್. ಪೊಟ್ಟಣ ನೆಲ ಮುಟ್ಟಿದಾಗ ವಿಮಾನ ಎಲ್ಲಿರುತ್ತದೆ ಎಂದು ಕೇಳಿದರೆ, ಅದೇ ವೇಗದಲ್ಲಿ ಹಾರುತ್ತಿದ್ದರೆ, ಸರಿಯಾಗಿ ಪೊಟ್ಟಣದ ನೆತ್ತಿಯ ಮೇಲೆ. ವಿಮಾನದೊಳಗಿನವರ ಕಣ್ಣಿಗೆ ಪೊಟ್ಟಣ ನೆಟ್ಟಗೆ ಕೆಳಕ್ಕೆ ಬಿದ್ದಂತೆ ಕಾಣುತ್ತದೆ, ನೆಲದ ಮೇಲಿರುವವರಿಗೆ ಪರವಲಯದಂತೆ.

ಸಿಇಟಿ, ಜೆಇಇ ತಯಾರಿ ನಡೆಸುವವರಿಗೆ ಮೆಟ್ಟಿಲಿನ ಲೆಕ್ಕ ಭಯ ಹುಟ್ಟಿಸುತ್ತದೆ. ಪ್ರತಿ ಮೆಟ್ಟಿಲು 20 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲ. ಮೇಲಿನ ಅಂಚಿನಿಂದ ಚೆಂಡು ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಉರುಳಿ ಹೊರಬೀಳುತ್ತದೆ. ಮೊದಲು ಯಾವ ಮೆಟ್ಟಿಲಿಗೆ ತಾಕುತ್ತದೆ? ಸಿದ್ಧ ಸೂತ್ರವೊಂದು ಗೈಡುಗಳಲ್ಲಿದೆ, ಅದನ್ನು ಬಿಡಿ. ಒಂದೊಂದೇ ಮೆಟ್ಟಿಲಿನ ಮಟ್ಟದಲ್ಲಿ ಚೆಂಡು ಎಲ್ಲಿದೆ ಎಂದು ಕೇಳೋಣ. ಮೊದಲ ಮೆಟ್ಟಿಲಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಚೆಂಡು ಸುಮಾರು 0.5 ಮೀಟರ್ ಮುಂದಿದೆ, ಆ ಮೆಟ್ಟಿಲು 0.3 ಮೀಟರಿಗೇ ಮುಗಿಯುತ್ತದೆ. ಎರಡನೇ ಮೆಟ್ಟಿಲಿನ ಮಟ್ಟ 0.4 ಮೀಟರ್ ಕೆಳಗೆ. ಅಲ್ಲಿಗೆ ಇಳಿಯಲು 0.286 ಸೆಕೆಂಡ್ ಬೇಕು, ಅಷ್ಟರಲ್ಲಿ ಚೆಂಡು 0.71 ಮೀಟರ್ ಮುಂದೆ ಹೋಗಿದೆ. ಎರಡನೇ ಮೆಟ್ಟಿಲು 0.6 ಮೀಟರಿಗೇ ಮುಗಿಯುತ್ತದೆ, ಹಾಗಾಗಿ ಚೆಂಡು ಅದನ್ನು ದಾಟಿತು. ಮೂರನೇ ಮೆಟ್ಟಿಲಿನ ಮಟ್ಟ 0.6 ಮೀಟರ್ ಕೆಳಗೆ, ಕಾಲ 0.35 ಸೆಕೆಂಡ್, ದೂರ 0.87 ಮೀಟರ್. ಮೂರನೇ ಮೆಟ್ಟಿಲು 0.6ರಿಂದ 0.9ರವರೆಗೆ ಇದೆ. ಚೆಂಡು ಬಿದ್ದದ್ದು ಅದರ ಮೇಲೆಯೇ, ಅಂಚಿಗೆ ಬಹಳ ಹತ್ತಿರ. ಹೀಗೆ ಮಾಡಿದರೆ ಉತ್ತರ ಏಕೆ ಮೂರು ಎಂಬುದೂ ಕಣ್ಣಿಗೆ ಕಾಣುತ್ತದೆ.

ನನಗೆ ತುಂಬಾ ಪ್ರಿಯವಾದ ಲೆಕ್ಕ ಮಾತ್ರ ನೀರಿನದು. ನೆಲದ ಮೇಲೆ ಕೂರಿಸಿದ ಒಂದು ತೊಟ್ಟಿಯಲ್ಲಿ 1 ಮೀಟರ್ ನೀರಿದೆ. ಅದರ ಬದಿಯಲ್ಲಿ ತೂತು ಕೊರೆದರೆ ನೀರು ನೆಲಕ್ಕೆ ಸಮಾಂತರವಾಗಿಯೇ ಚಿಮ್ಮುತ್ತದೆ. ತೂತು ಎಲ್ಲಿದ್ದರೆ ನೀರು ಹೆಚ್ಚು ದೂರ ಹೋಗುತ್ತದೆ? ಬಹಳ ಮಂದಿ ಬುಡದ ತೂತನ್ನು ತೋರಿಸುತ್ತಾರೆ, ಅಲ್ಲಿ ಒತ್ತಡ ಹೆಚ್ಚು ಎಂದು. ಒತ್ತಡ ಹೆಚ್ಚು ನಿಜ, ಚಿಮ್ಮುವ ವೇಗವೂ ಹೆಚ್ಚು. ಆದರೆ ಬುಡದಲ್ಲಿ ನೀರಿಗೆ ಬೀಳಲು ಎತ್ತರವೇ ಇಲ್ಲ, ಎತ್ತರವಿಲ್ಲದಿದ್ದರೆ ಕಾಲವಿಲ್ಲ, ಕಾಲವಿಲ್ಲದಿದ್ದರೆ ದೂರವೂ ಇಲ್ಲ. ಮೇಲಿನ ತೂತಿಗೆ ಕಾಲ ಧಾರಾಳ, ವೇಗ ಕಡಿಮೆ. ಗೆಲಿಲಿಯೋನ ಶಿಷ್ಯ ಟೊರಿಸೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ತೂತಿನಿಂದ ಹೊರಡುವ ನೀರಿನ ವೇಗ, ನೀರಿನ ಮೇಲ್ಮಟ್ಟದಿಂದ ತೂತಿನವರೆಗೆ ಬಿದ್ದ ವಸ್ತುವಿನ ವೇಗದಷ್ಟೇ ಇರುತ್ತದೆ. ಅದನ್ನು ನಮ್ಮ ಎಡಮನೆಗೆ ಹಾಕಿ, ತೂತಿನ ಎತ್ತರದಿಂದ ಬಂದ ಕಾಲದೊಂದಿಗೆ ಗುಣಿಸಿದರೆ ಗುರುತ್ವದ ಸಂಖ್ಯೆ ಪೂರ್ತಿ ಹೊಡೆದುಹೋಗಿ ಇಷ್ಟೇ ಉಳಿಯುತ್ತದೆ:

ದೂರ = 2 × √(ತೂತಿನ ಮೇಲಿರುವ ನೀರಿನ ಆಳ × ನೆಲದಿಂದ ತೂತಿನ ಎತ್ತರ)

ಮೇಲಿಂದ 20 ಸೆಂಟಿಮೀಟರ್ ಆಳದ ತೂತಿಗೆ ಉತ್ತರ 0.8 ಮೀಟರ್. 80 ಸೆಂಟಿಮೀಟರ್ ಆಳದ ತೂತಿಗೂ ಉತ್ತರ 0.8 ಮೀಟರ್! ಸರಿಯಾಗಿ ನಡುವಿನ ತೂತಿಗೆ 1 ಮೀಟರ್, ಅದೇ ಅತಿ ಹೆಚ್ಚು. ತೊಟ್ಟಿ ನೆಲದ ಮೇಲೇ ಇರುವಾಗಲೂ ಬುಡದ ತೂತಿನ ನೀರೇ ಎಲ್ಲಕ್ಕಿಂತ ದೂರ ಚಿಮ್ಮುವಂತೆ ಬರೆದ ಚಿತ್ರಗಳು ಎಷ್ಟೋ ಶಾಲಾ ಪುಸ್ತಕಗಳಲ್ಲಿವೆ. ಒತ್ತಡದ ಪಾಠಕ್ಕೆಂದು ಬರೆದ ಆ ಚಿತ್ರ ಚಲನೆಯ ಪಾಠವನ್ನು ಕೆಡಿಸುತ್ತದೆ. ತೊಟ್ಟಿಯನ್ನು ಸ್ಟೂಲಿನ ಮೇಲೆ ಎತ್ತರಕ್ಕಿಟ್ಟರೆ ಕೆಳಗಿನ ತೂತಿಗೂ ಬೀಳಲು ಸಾಕಷ್ಟು ಕಾಲ ಸಿಗುತ್ತದೆ, ಆಗ ಆ ಚಿತ್ರ ಸರಿಹೋದೀತು. ಒಂದು ಲೀಟರ್ ಬಾಟಲಿ, ಕಾದ ಸೂಜಿ ಸಾಕು, ನೀವೇ ಪರೀಕ್ಷಿಸಬಹುದು. ತೂತಿನ ಅಂಚಿನಲ್ಲಿ ನೀರು ಸ್ವಲ್ಪ ವೇಗ ಕಳೆದುಕೊಳ್ಳುವುದರಿಂದ ಅಳತೆ ಸೂತ್ರಕ್ಕಿಂತ ತುಸು ಕಡಿಮೆಯೇ ಬರುತ್ತದೆ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪ್ರಯೋಗದಿಂದ ಗಡಿಯಾರವಿಲ್ಲದೆ ಗೋಲಿಯ ವೇಗ ಅಳೆಯಬಹುದು. 75 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಗೋಲಿ ಉರುಳಿಸಿ ಅಂಚಿನಿಂದ ಬೀಳಲು ಬಿಡಿ. ಕೆಳಗೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್ ಹಾಸಿದರೆ ಬಿದ್ದ ಜಾಗದಲ್ಲಿ ಚುಕ್ಕೆ ಮೂಡುತ್ತದೆ. ಬೀಳುವ ಕಾಲ ಹೇಗೂ 0.39 ಸೆಕೆಂಡ್, ಗೋಲಿ ನಿಧಾನವಿರಲಿ ಜೋರಿರಲಿ. ಚುಕ್ಕೆ ಅಂಚಿನ ನೇರದಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್. ಮೇಜಿನ ಮೇಲೆ ಇಳಿಜಾರು ಹಲಗೆ ಇಟ್ಟು ಗೋಲಿಯನ್ನು 20 ಸೆಂಟಿಮೀಟರ್ ಎತ್ತರದಿಂದ ಉರುಳಿಸುವವರು, ಶಕ್ತಿಯ ಲೆಕ್ಕ ಹಾಕಿ ವೇಗ 1.98 ಬರಬೇಕೆಂದು ಕಾಯುತ್ತಾರೆ. ಬರುವುದು ಹೆಚ್ಚೆಂದರೆ 1.67. ತಪ್ಪನ್ನು ಘರ್ಷಣೆಯ ಮೇಲೆ ಹಾಕಬೇಡಿ. ಉರುಳುವ ಗುಂಡು ತನ್ನ ಶಕ್ತಿಯಲ್ಲಿ ಏಳನೇ ಎರಡು ಪಾಲನ್ನು ತಿರುಗುವುದಕ್ಕೇ ಇಟ್ಟುಕೊಳ್ಳುತ್ತದೆ, ಏಳನೇ ಐದು ಪಾಲು ಮಾತ್ರ ಮುಂದೆ ಸಾಗಲು ಸಿಗುತ್ತದೆ.

ಈ ಪದ್ಧತಿ ಎಲ್ಲಿಯವರೆಗೆ ನಂಬಬಹುದು? ಕಲ್ಲು, ಗೋಲಿ, ಕಬ್ಬಿಣದ ಗುಂಡು, ಹತ್ತಿಪ್ಪತ್ತು ಮೀಟರ್ ಎತ್ತರ: ಧೈರ್ಯವಾಗಿ ನಂಬಿ. ಷಟಲ್ ಕಾಕ್, ಕಾಗದದ ಉಂಡೆ, ಹತ್ತಿ: ಬೇಡ. ಜೋಗದಲ್ಲಿ ರಾಜಾ ಧಾರೆ ಬಂಡೆಯ ಅಂಚಿನಿಂದ 253 ಮೀಟರ್ ಕೆಳಕ್ಕೆ ಬೀಳುತ್ತದೆ. ನಮ್ಮ ಸೂತ್ರ ಕೇಳಿದರೆ ಇಳಿಯಲು 7.2 ಸೆಕೆಂಡ್, ಬುಡದಲ್ಲಿ ವೇಗ ಸೆಕೆಂಡಿಗೆ 70 ಮೀಟರ್, ಗಂಟೆಗೆ 250 ಕಿಲೋಮೀಟರಿಗೂ ಮಿಗಿಲು. ನಿಜದಲ್ಲಿ ಧಾರೆ ದಾರಿಯಲ್ಲೇ ಒಡೆದು ಹನಿ ಹನಿಯಾಗುತ್ತದೆ. ದೊಡ್ಡ ಮಳೆಹನಿಗೂ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಹೆಚ್ಚು ವೇಗ ದಕ್ಕದು. ಒಡೆಯದೆ ಒಟ್ಟಾಗಿ ಬೀಳುವ ನೀರು ಅದಕ್ಕಿಂತ ಬೇಗ ಇಳಿಯುತ್ತದಾದರೂ 70ರ ಹತ್ತಿರ ಸುಳಿಯುವುದಿಲ್ಲ. ಲೆಕ್ಕದಲ್ಲಿ ‘ಗಾಳಿಯ ತಡೆಯನ್ನು ಕಡೆಗಣಿಸಿ’ ಎಂದು ಬರೆದಿರುವ ಸಾಲಿಗೆ ಅರ್ಥ ಬರುವುದು ಇಂಥ ಕಡೆ.

ಇನ್ನೊಂದು ಊಹೆಯನ್ನು ಯಾರೂ ಬರೆಯುವುದೇ ಇಲ್ಲ: ನೆಲ ಚಪ್ಪಟೆ ಎಂಬುದು. ಅಡ್ಡಕ್ಕೆ ಎಸೆದ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಇಳಿಯುತ್ತದೆ. ಭೂಮಿ ದುಂಡಗಿರುವುದರಿಂದ ಸುಮಾರು 7.9 ಕಿಲೋಮೀಟರ್ ಹೋಗುವಷ್ಟರಲ್ಲಿ ನೆಲವೂ 4.9 ಮೀಟರ್ ಬಾಗಿರುತ್ತದೆ. ಹಾಗಾದರೆ ಗಾಳಿಯಿಲ್ಲದ ಕಡೆ ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಎಸೆದ ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಹತ್ತಿರ ಬರುವುದೇ ಇಲ್ಲ. ಎತ್ತರದ ಬೆಟ್ಟದ ಮೇಲೆ ಫಿರಂಗಿ ಇಟ್ಟಂತೆ ಕಲ್ಪಿಸಿಕೊಂಡು ನ್ಯೂಟನ್ ಮಾಡಿದ ಯೋಚನೆ ಇದೇ. ನಮ್ಮ ಉಪಗ್ರಹಗಳು ಸುತ್ತುತ್ತಿರುವುದೂ ಹೀಗೆಯೇ, ಅಡ್ಡಕ್ಕೆ ಎಸೆದ ಕಲ್ಲುಗಳಾಗಿ. ರಾಕೆಟ್ಟು ಮೊದಲು ಮೇಲಕ್ಕೆ ಹೋದರೂ ತನ್ನ ಬಹುಪಾಲು ಇಂಧನವನ್ನು ಸುಡುವುದು ಈ ಅಡ್ಡ ವೇಗ ಗಳಿಸುವುದಕ್ಕೆ.

ಕೊನೆಗೆ ನೀವೇ ಮಾಡಲು ಒಂದು ಲೆಕ್ಕ. ಬಂಡೆಯ ತುದಿಯಿಂದ ಅಡ್ಡಕ್ಕೆ ಎಸೆದ ಕಲ್ಲು ಬುಡದಿಂದ 88.2 ಮೀಟರ್ ದೂರದಲ್ಲಿ, ನೆಲದೊಂದಿಗೆ 45 ಡಿಗ್ರಿ ಕೋನದಲ್ಲಿ ಬಡಿಯುತ್ತದೆ. ಬಂಡೆಯ ಎತ್ತರವೆಷ್ಟು, ಎಸೆದ ವೇಗವೆಷ್ಟು? ಯಾವ ಮನೆಯೂ ತುಂಬಿಲ್ಲ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. 45 ಡಿಗ್ರಿ ಎಂದರೆ ಬಡಿಯುವ ಗಳಿಗೆಯಲ್ಲಿ ಅಡ್ಡ ವೇಗವೂ ಕೆಳಮುಖದ ವೇಗವೂ ಸಮ, ಅಂದರೆ ಎಸೆದ ವೇಗ 9.8 × ಕಾಲ. ಅದನ್ನು ಎಡಮನೆಯಲ್ಲಿ ಇಟ್ಟು ನೋಡಿ. ಕಾಲ 3 ಸೆಕೆಂಡ್, ವೇಗ ಸೆಕೆಂಡಿಗೆ 29.4 ಮೀಟರ್, ಎತ್ತರ 44.1 ಮೀಟರ್ ಬರಬೇಕು. ಎತ್ತರ ಸರಿಯಾಗಿ ದೂರದ ಅರ್ಧ ಬಂದಿರುವುದನ್ನು ಗಮನಿಸಿ. 45 ಡಿಗ್ರಿಯಲ್ಲಿ ಬಡಿಯುವ ಯಾವ ಕಲ್ಲಿಗಾದರೂ ಹಾಗೆಯೇ ಬರುತ್ತದೆ. ಏಕೆ ಎಂಬುದನ್ನು ಎರಡು ಮನೆಗಳ ಸಮೀಕರಣಗಳಿಂದ ನೀವೇ ಸಾಧಿಸಿ, ಬರೆದು ಕಳಿಸಿ.